ಮಂಗಳವಾರದ ಆಕಾಶ

ಅಲ್ಲಲ್ಲ, ಅಲ್ಲಿಡಬೇಡ! ಒಲೆ ಪಕ್ಕ ಬೇಡ, ಶಾಖ ತಾಗಿದ್ರೆ ಚಿತ್ರದ ಹಲಗೆ ಬಾಗುತ್ತೆ. ಇಲ್ಲಿ, ಕಿಟಕಿ ಹತ್ತಿರ ತಾ. ಹಾಂ, ಹಾಗೆ. ಚಾದರದಲ್ಲಿ ಸುತ್ತಿ, ಎದೆಗೆ ಅವುಚಿಕೊಂಡು, ಒಳ್ಳೇ ಕೂಸು ತಂದ ಹಾಗೆ ತಂದಿದ್ದೀಯಲ್ಲೇ ಡೀವರ್! ಕೂತ್ಕೋ. ಆ ಕುರ್ಚಿ ಮೇಲಿರೋ ಕರಪತ್ರ ಎಲ್ಲ ಕೆಳಗೆ ತಳ್ಳು. ತಳ್ಳು, ಪರವಾಗಿಲ್ಲ, ಹನ್ನೊಂದು ಗಂಟೆಗೆ ಮೀನು ಹರಾಜಿನ ಕೊಟ್ಟಿಗೆಯಲ್ಲಿ ಹೇಗಿದ್ರೂ ಹಂಚೋದೇ. ನೀನೂ ಬರ್ತೀಯಲ್ಲ ಸಭೆಗೆ? ಬರ್ತೀಯ. ನೀನು ತಪ್ಪಿಸಿದ್ದು ಯಾವಾಗ.

ಏನಂತೆ ಕಾಸ್ತಲೈನ್ ಅಮ್ಮಾವ್ರಿಗೆ? ಓ, ಚೀಟಿ ಕೊಟ್ಟಿದ್ದಾರಾ. ಬಾಯಲ್ಲಿ ಹೇಳಿ ಕಳಿಸಿದ್ರೆ ಗೌರವ ಸವೆದು ಹೋಗುತ್ತೇನೋ! ಕೊಡು. 'ದಿವಾನಖಾನೆಯ ಚಿತ್ರದ ಆಕಾಶದಲ್ಲಿ ಕಪ್ಪು ಕಲೆ ಎದ್ದಿದೆ. ಶುಚಿ ಮಾಡಿ, ಅಗತ್ಯವಿದ್ದಲ್ಲಿ ಹೊಸದಾಗಿ ನೀಲಿ ಹಚ್ಚಿ, ಇದೇ ಹುಡುಗಿಯ ಕೈಯಲ್ಲಿ ಕಳಿಸುವುದು.' ಕೇಳಿದ್ಯಾ? ಇದೇ ಹುಡುಗಿಯ ಕೈಯಲ್ಲಿ! ನಾಲ್ಕು ವರ್ಷ ಆ ಮನೆ ನೆಲ ಒರೆಸಿದ್ದೀಯ, ನಿನ್ನ ಹೆಸರು ಬರೆಯೋಕೆ ಶಾಯಿ ಸಾಲಲಿಲ್ಲ ನೋಡು. ಗಂಡನ್ನ ಮಣ್ಣು ಮಾಡಿ ಎಂಟು ದಿನ ಆಗಿಲ್ಲ, ಆಗಲೇ ಆಕಾಶ ತೊಳೆಸೋಕೆ ಹೊರಟಿದ್ದಾರೆ. ಬಿಟ್ರೆ ದೇವರಿಗೂ ಸೋಪು ಹಚ್ಚಿ ಉಜ್ಜೋ ಹೆಂಗಸು.

ನಗು ಬರಲಿಲ್ವಾ? ಹೋಗ್ಲಿ ಬಿಡು.

ನಿಮ್ಮಪ್ಪನ್ನ ಮುಳುಗಿಸಿದ ದೋಣಿಯ ಯಜಮಾನನ ಮನೇಲಿ ನೀನು ಹೇಗಪ್ಪಾ ಕೆಲಸ ಮಾಡ್ತೀಯ ಅಂತ ಎಷ್ಟೋ ಸಲ ಕೇಳ್ಬೇಕು ಅಂದ್ಕೊಂಡಿದ್ದೀನಿ. ಬೇರೆಲ್ಲಿಗೆ ಹೋಗ್ಲಿ ಅಂತೀಯ, ಗೊತ್ತು. ಈ ಊರಲ್ಲಿ ದೋಣಿ ಅವರದು, ಬಲೆ ಅವರದು, ಉಪ್ಪು ಅವರದು, ಚರ್ಚಲ್ಲಿ ಮುಂದಿನ ಬೆಂಚೂ ಅವರದು. ಸಮುದ್ರ ಒಂದು ಉಳಿದಿದೆ ನಮಗೆ, ಮುಳುಗೋಕೆ.

ಎಲ್ಲಿ, ಚಾದರ ತೆಗಿ. ಕಲೆ ನೋಡೋಣ.

ಹೂಂ.

ಹೊಗೆ ಕಣೇ ಇದು. ಹೊಗೆ, ಇನ್ನೇನು? ದಿನಕ್ಕೆ ಹತ್ತು ಸಿಗಾರ್ ಸೇದೋ ಮನುಷ್ಯ ಹನ್ನೊಂದು ವರ್ಷ ಇದರ ಕೆಳಗೇ ಕೂತಿದ್ದ. ಅವನ ಶ್ವಾಸಕೋಶ ಹೇಗಾಗಿತ್ತೋ ಆಕಾಶವೂ ಹಾಗೇ ಆಗಿದೆ. ಅಷ್ಟೇ. ಎರಡು ದಿನ ಬಿಟ್ಟು ಬಾ, ಏನಾದ್ರೂ ಹಚ್ಚಿ ಕೊಡ್ತೀನಿ...

ಯಾಕೆ ತಲೆ ಅಲ್ಲಾಡಿಸ್ತೀಯ? ಹೊಗೆ ಅಲ್ವಾ? ಇದೇನು, ಮೂಲೆಯಲ್ಲಿ ಬಿಳಿ ಪುಡಿ ಪುಡಿ... ಓಹೋ! ಆಲೂಗಡ್ಡೆ ಹೋಳಿಂದ ಉಜ್ಜಿ ನೋಡಿದ್ದೀಯ! ಕಳ್ಳಿ. ಹೋಗಲಿಲ್ಲ ಅಲ್ವಾ? ಹೋಗಲ್ಲ. ಹೊಗೆಯಾಗಿದ್ರೆ ಹೋಗಬೇಕಿತ್ತು ಅಂತೀಯಾ? ಅದೂ... ಸರಿ ಅನ್ನು. ಆದ್ರೆ ನೀಲೀನೂ ಹೋಗಲಿಲ್ಲ, ನೋಡ್ದ್ಯಾ? ಅದು ನನ್ನ ಕೈ ಕಣೇ! ಕೋಬಾಲ್ಟ್ ನೀಲಿ, ಸೀಸದ ಬಿಳಿ, ಎಣ್ಣೆ ಒಂದು ಹನಿ. ಮೂರೇ ದಿನ, ಒಣಗಿ ಹೆಂಚಾಗುತ್ತೆ. ನಾಲ್ಕನೇ ದಿನ ನಿನ್ನ ಈ ಬಿಳಿ ಟೋಪಿ ತಂದು ಗಸಗಸ ಒರೆಸು, ಟೋಪಿ ಬಿಳೀನೇ ಇರುತ್ತೆ. ಬಣ್ಣ ಬಳಿಯೋನ ಮಗ ನಾನು. ಅಪ್ಪ ಲೈಡನ್ನಿನಲ್ಲಿ ಬಾಗಿಲು ಕಿಟಕಿಗೆ ಹಚ್ತಿದ್ದ, ನಾನು ಆಕಾಶಕ್ಕೆ ಹಚ್ಚಿದೆ. ನನಗೆ ಯಾವ ಗುರುವೂ ಇಲ್ಲ, ಯಾವ ಶಾಲೆಯೂ ಇಲ್ಲ. ಆದ್ರೆ ಯಾವ ಬಣ್ಣ ಯಾವಾಗ ಒಣಗುತ್ತೆ ಅಂತ ನಿದ್ದೆಯಲ್ಲಿ ಕೇಳಿದ್ರೂ ಹೇಳ್ತೀನಿ.

ಯಾಕೆ ಹಾಗೆ ನೋಡ್ತೀಯ? ನಿಜಾನೇ ಹೇಳ್ತಿರೋದು.

ಕಾಫಿ ಕುಡೀತೀಯಾ? ರೈ ರೊಟ್ಟಿ ಇದೆ, ಉಪ್ಪು ಹೆರಿಂಗ್ ಮೀನು ಒಂದು ತುಂಡಿದೆ. ಬೇಡ್ವಾ. ನನಗೂ ಬೇಡ.

ಇವತ್ತು ಬಿಡಲ್ಲ ನೋಡು ನಾನು. ಕರಪತ್ರ ಓದಿದ್ಯಾ? ಮೇಲಿನ ಸಾಲು ಓದು. 'ಆಕಾಶ ನೋಡಿ ಹೊರಡುವುದು, ಬಿಡುವುದು ತಂಡೇಲನ ಹಕ್ಕು. ಯಜಮಾನನದ್ದಲ್ಲ.' ಅಷ್ಟೇ ನಮ್ಮ ಬೇಡಿಕೆ. ಚುಕ್ಕಾಣಿ ಹಿಡಿಯೋ ತಂಡೇಲ ಬೇಡ ಅಂದ ದಿನ ದೋಣಿಗೆ ಕುದುರೆ ಕಟ್ಟಿ ನೀರಿಗೆ ಎಳೆಯೋ ಹಾಗಿಲ್ಲ. ಪಿಂಗಾಣಿ ಬಟ್ಟಲಲ್ಲಿ ಚಹಾ ಕುಡಿಯೋನು ಪರದೆ ಸರಿಸಿ, ಓ, ಹವಾ ಚೆನ್ನಾಗಿದೆ, ಹೊರಡಿ ಅಂತಾನೆ! ಅವನ ಆಕಾಶ ಕಿಟಕಿಯಷ್ಟು ಅಗಲ. ಇವತ್ತು ಆ ಉಪ್ಪಿನ ಪೀಪಾಯಿ ಮೇಲೆ ನಿಂತು ಎಂಥಾ ಮಾತಾಡ್ತೀನಿ ಅಂದ್ರೆ...

ಏನು? ಏನೋ ಅಂದಹಾಗಾಯ್ತು. ಅನ್ನಲಿಲ್ಲ. ನಿನ್ನ ಮುಖಾನೇ ಅಂತು.

ಗೊತ್ತು. 'ಹನ್ನೊಂದು ವರ್ಷದಿಂದ ಮಾತಾಡ್ತಿದ್ದೀಯ ಎವರ್ಟ್, ಒಂದು ದಿನವೂ ನಮ್ಮಪ್ಪನ ಹೆಸರು ಎತ್ತಲಿಲ್ಲ ಯಾಕೆ?' ಅಂತ ತಾನೇ? ಬೇರೆ ಊರಿನ ದೋಣಿ ಕಥೆ ಎಲ್ಲ ಹೇಳ್ತೀಯ, 'ಎರಡು ಸೋದರರು' ದೋಣಿ ಕಥೆ ಮಾತ್ರ ಹೇಳಲ್ಲ ಯಾಕೆ ಅಂತ? ಏನು ಹೇಳ್ಲಿ! ವಿಚಾರಣೆಯಲ್ಲಿ ತೀರ್ಪು ಬರೆದುಬಿಟ್ರು. ಹೊರಡುವಾಗ ಆಕಾಶ ಶುಭ್ರ ಇತ್ತು, ಹಾಗಾಗಿ ತಪ್ಪು ನಿಮ್ಮಪ್ಪ, ತಂಡೇಲ ಕ್ರೈನ್‌ನದು, ಕುಡಿದಿರಬೇಕು, ಇಲ್ಲ ನಿದ್ದೆ ಮಾಡಿರಬೇಕು. ಏಳು ಜನ ಸತ್ರು. ಆರು ಜನ ಪಾಪದವರು, ಏಳನೆಯವನು ಅವರನ್ನ ಕೊಂದವನು. ಆ ಆರು ಮನೆಯವರು ನಿಮ್ಮಮ್ಮನ್ನ ಕಂಡ್ರೆ ಇವತ್ತಿಗೂ ಬೀದಿ ದಾಟ್ತಾರೆ. ಅಂಥಾ ಹೆಸರು ಸಭೆಯಲ್ಲಿ ಎತ್ತಿದ್ರೆ ಜನ ಎದ್ದು ಹೋಗಲ್ವಾ? ಸಂಘ ಒಡೆಯಲ್ವಾ? ಹೋರಾಟ ಅಂದ್ರೆ ಲೆಕ್ಕಾಚಾರ ಇರುತ್ತೆ ಕಣಮ್ಮ, ನಿನಗೆ...

ಹೂಂ. ಸರಿ. ಬಿಡು.

ನಿಮ್ಮಪ್ಪ ನನಗೇನು ಹೆಸರಿಟ್ಟಿದ್ದ ಗೊತ್ತಾ? ಮೋಡ ಕಾಯೋನು! ನಾನು ಈ ಊರಿಗೆ ಬಂದ ವರ್ಷ, ಮರಳ ದಿಬ್ಬದ ಮೇಲೆ ಚಿತ್ರದ ಹಲಗೆ ನಿಲ್ಲಿಸ್ಕೊಂಡು ಕೂತಿರ್ತಿದ್ದೆ. ನಮ್ಮ ದೇಶದಲ್ಲಿ ಬರೆಯೋಕೆ ಇನ್ನೇನಿದೆ? ನೆಲ ಅಂಗೈಯಷ್ಟು, ಮಿಕ್ಕಿದ್ದೆಲ್ಲ ಆಕಾಶ. ಅವನು ಬಲೆ ಹೊತ್ತು ಹೋಗ್ತಾ ನಿಂತು, ತಲೆ ಓರೆ ಮಾಡಿ ನೋಡೋನು. 'ಏನಯ್ಯಾ ಮೋಡ ಕಾಯೋನೇ, ಇವತ್ತೆಷ್ಟು ಕರು ಹಾಕಿದ್ವು?' ಅನ್ನೋನು. ಒಂದಿನ ನನ್ನ ಚಿತ್ರ ನೋಡಿ ಬಿದ್ದು ಬಿದ್ದು ನಕ್ಕ. ಯಾಕಪ್ಪಾ ಅಂದೆ. 'ನಿನ್ನ ಮೋಡ ಪೂರ್ವಕ್ಕೆ ಹೋಗ್ತಿದೆ, ನಿನ್ನ ದೋಣಿ ಹಾಯಿ ಪಶ್ಚಿಮಕ್ಕೆ ಉಬ್ಬಿದೆ. ಒಂದೋ ಮೋಡ ಸುಳ್ಳು, ಇಲ್ಲ ಹಾಯಿ ಸುಳ್ಳು, ಇಲ್ಲ ನೀನು ಸುಳ್ಳ!' ಅಂದ. ನಿನ್ನೆಯ ಮೋಡ ತಂದು ಇವತ್ತಿನ ಸಮುದ್ರದ ಮೇಲೆ ಇಟ್ಟಿದ್ದೆ ನಾನು. ಎಲ್ಲ ದೊಡ್ಡ ಚಿತ್ರಗಾರರೂ ಮಾಡ್ತಾರೆ ಅಂದೆ. 'ಮಾಡ್ಲಿ. ಅವರ ದೋಣಿ ಯಾರೂ ಹತ್ತಲ್ಲ' ಅಂದ.

ಅವತ್ತಿಂದ ಅವನ ಮಾತು ಹಿಡಿದೆ. ಒಂದು ಆಕಾಶ ಅಂದ್ರೆ ಒಂದೇ ಸಲ ಕೂತು ಮುಗಿಸೋದು. ಒಂದು ಗಂಟೆಯೊಳಗೆ, ಹಸಿ ಮೇಲೆ ಹಸಿ. ಮುಗಿದ ತಕ್ಷಣ ತಿರುಗಿಸಿ ಬೆನ್ನ ಮೇಲೆ ಬರೆಯೋದು. ತಾರೀಖು, ಗಂಟೆ, ಗಾಳಿ ಯಾವ ಕಡೆಯಿಂದ. ಗಾಳಿ ಯಾವುದು ಅಂತ ನನಗೆಲ್ಲಿ ಗೊತ್ತಾಗ್ಬೇಕು, ಅವನು ಮೂಗೆತ್ತಿ ಹೇಳೋನು, ನಾನು ಬರೆಯೋನು. ನನಗೆ ಗುರು ಇಲ್ಲ ಅಂದ್ನಲ್ಲ ಈಗ? ಸುಳ್ಳು. ಒಬ್ಬ ಇದ್ದ.

ಇದರ ಬೆನ್ನೂ ನೋಡು ಬೇಕಾದ್ರೆ. ನನ್ನ ಅಕ್ಷರ. 'ಅಕ್ಟೋಬರ್ ಹತ್ತು, ಮಂಗಳವಾರ, ಬೆಳಗ್ಗೆ ಏಳು.' ಒಂದಕ್ಷರ ಸುಳ್ಳಿಲ್ಲ. ಕೆಳಗಿನ ಆ ಕಂದು ಕಾಗದವಾ? ಅದು ಚೌಕಟ್ಟಿನವನು ಅಂಟಿಸಿದ್ದು, ಧೂಳು ಹೋಗದಿರ್ಲಿ ಅಂತ. ಕೀಳಬೇಡ, ಬಿಡು. ಬಿಡೇ! ಹರಿದು ಹೋಗುತ್ತೆ.

ಅಯ್ಯೋ, ಕೂಗಿದ್ನಾ. ಕೂಗಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಪೀಪಾಯಿ ಮೇಲೆ ಕೂಗಿ ಕೂಗಿ ಗಂಟಲು ಹಾಗೇ ಆಗಿಹೋಗಿದೆ.

ಬೆರಳು ಯಾಕಿಟ್ಟೆ ಅಲ್ಲಿ?

...ಹೌದು. ಬಿರುಕು. ಬಿರುಕಿನ ಒಳಗೆ ಕಪ್ಪು. ನಿನ್ನ ಕಣ್ಣು ನಿಮ್ಮಪ್ಪಂದೇ ಕಣೇ. ಸರಿ, ಹೇಳ್ತೀನಿ, ಕೂತ್ಕೋ. ಮೂಳೆ ಸುಟ್ಟು ಮಾಡೋ ಕಪ್ಪು ಇದೆಯಲ್ಲ, ಅದು ಬಲು ನಿಧಾನ ಒಣಗುತ್ತೆ. ಅದು ಒಣಗೋ ಮುಂಚೆ ಮೇಲೆ ಬಿಳಿ ಬಳಿದ್ರೆ, ಬಿಳಿ ಬೇಗ ಒಣಗಿ ಬಿಗಿಯುತ್ತೆ, ಕೆಳಗಿನದು ಇನ್ನೂ ಸರೀತಾ ಇರುತ್ತೆ. ಮೇಲಿನದು ಬಿರುಕು ಬಿಡುತ್ತೆ. ಇವತ್ತಲ್ಲ, ನಾಳೆಯಲ್ಲ. ವರ್ಷಗಟ್ಟಲೆ ಹೋದ ಮೇಲೆ. ಬಣ್ಣ ಬಳಿಯೋ ಮಗುವಿಗೂ ಗೊತ್ತು ಇದು. ಅವಸರದಲ್ಲಿರೋನು ಮಾತ್ರ ಮರೀತಾನೆ.

ಹೌದು. ನೀಲಿ ಕೆಳಗೆ ಮೋಡ ಇದೆ. ಒಪ್ಕೋತೀನಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ನೀನು ಬಂದಾಗಿಂದ ನೋಡ್ಕೋತಾ ಇದ್ದೀನಿ. ಸಾಕು.

ಆ ಮಂಗಳವಾರ ಬೆಳಗ್ಗೆ ನಾನು ಬರೆದಿದ್ದು ಕಪ್ಪು ಆಕಾಶ. ಅಡಿಯಲ್ಲಿ ಸೀಸದ ಬಣ್ಣ, ಅಂಚಿಗೆ ಹಳದಿ, ಹಳೇ ಗಾಯದ ಸುತ್ತ ಇರುತ್ತಲ್ಲ ಅಂಥಾ ಹಳದಿ. ನಿಮ್ಮಮ್ಮ ವಿಚಾರಣೆಯಲ್ಲಿ ಬಡ್ಕೊಂಡು ಬಡ್ಕೊಂಡು ಹೇಳಿದ್ದು ನಿಜ. ಕಪ್ಪಿತ್ತು ಆಕಾಶ. ಆದ್ರೆ ಕೇಳು, ಕೇಳು... ಅವತ್ತೇ ಮಧ್ಯಾಹ್ನ ಕಾಸ್ತಲೈನ್ ಅಮ್ಮಾವ್ರು ಬಂದ್ರು ಇಲ್ಲಿಗೆ. ಚಿತ್ರ ನೋಡಿದ್ರು. 'ಅಯ್ಯೋ, ಎಷ್ಟು ಮಂಕು ಎವರ್ಟ್, ನಮ್ಮ ದಿವಾನಖಾನೆಗೆ ಬಿಸಿಲಿನ ಆಕಾಶ ಬೇಕಿತ್ತು' ಅಂದ್ರು. ದುಡ್ಡಿದ್ದೋರಿಗೆ ಆಕಾಶ ಅಂದ್ರೆ ತೊಳೆದಿಟ್ಟ ತಟ್ಟೆ. ನಾನು ಹೊಟ್ಟೆಪಾಡಿನವನು, ಹಚ್ಚಿಕೊಟ್ಟೆ ನೀಲಿ. ಮಂಗಳವಾರ ಮಧ್ಯಾಹ್ನ, ಗೊತ್ತಾಯ್ತಾ? ಬಿರುಗಾಳಿ ಇನ್ನೂ ಎದ್ದಿರಲಿಲ್ಲ. ದೋಣಿ ಇನ್ನೂ ತೇಲ್ತಿತ್ತು. ನಿಮ್ಮಪ್ಪ ಬದುಕಿದ್ದ! ಮುಂದೆ ಹೀಗಾಗುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?

ಆಮೇಲೆ ಸೋಮವಾರ ವಿಚಾರಣೆ. ಕುದುರೆ ಕಟ್ಟಿದವರು, ಹಗ್ಗ ಎಳೆದವರು, ಎಲ್ಲ ಕಾಸ್ತಲೈನ್ ಉಪ್ಪು ತಿಂದವರು. ಆಕಾಶ ಹೇಗಿತ್ತಪ್ಪಾ ಅಂದ್ರೆ 'ನೆನಪಿಲ್ಲ, ಚೆನ್ನಾಗೇ ಇತ್ತೇನೋ' ಅಂದ್ರು. ನಿಮ್ಮಮ್ಮ ಒಬ್ಬಳೇ ಕಪ್ಪು ಕಪ್ಪು ಅಂತ ಕೂಗಿದ್ದು. ಆಗ ಯಾರೋ ಅಂದ್ರು, ಹೊರಗಿನವನೊಬ್ಬ ಇದ್ದಾನೆ, ಯಾರ ದೋಣಿಗೂ ಸೇರದವನು, ಅವತ್ತು ಅದೇ ಗಂಟೆಗೆ ಆಕಾಶ ಬರೆದಿದ್ದಾನೆ, ಬೆನ್ನ ಮೇಲೆ ತಾರೀಖು ಗಂಟೆ ಎಲ್ಲ ಇದೆ. ತಂದಿಟ್ರು ಇದನ್ನ ಕುರ್ಚಿ ಮೇಲೆ. ಪಟ್ಟಣದಿಂದ ಬಂದಿದ್ದ ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದ್ರು. 'ಚಿತ್ರಗಾರ ಅಂದ್ರೆ ಆಕಾಶದ ಗುಮಾಸ್ತ. ಅವನು ಕಂಡದ್ದನ್ನ ಬರೀತಾನೆ. ಈ ಹೆಂಗಸು ದುಃಖದಲ್ಲಿ ಮಾತಾಡ್ತಿದ್ದಾಳೆ' ಅಂದ್ರು. ನನ್ನ ಕಡೆ ತಿರುಗಿ, 'ಇದನ್ನ ಬರೆದಿದ್ದು ಮಂಗಳವಾರ ಏಳು ಗಂಟೆಗಾ?' ಅಂದ್ರು.

'ಹೌದು' ಅಂದೆ.

ಅಷ್ಟೇ ನಾನಾಡಿದ್ದು. ಒಂದು ಹೌದು. ಮೇಲೆ ನೀಲಿ ಹಚ್ಚಿದೀನಿ ಸ್ವಾಮಿ ಅಂತ ಅವರು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಹೆದರಿದೆ. ತಪ್ಪು, ತಪ್ಪೇ ಅದು. ಇಲ್ಲ ಅಂತೀನಾ? ಮನುಷ್ಯನಿಗೆ ಒಂದು ಗಳಿಗೆ ಧೈರ್ಯ ಸಾಲದೇ ಹೋಗುತ್ತೆ. ಆ ಒಂದು ಗಳಿಗೆಗೆ ಹನ್ನೊಂದು ವರ್ಷ ದುಡಿದಿದ್ದೀನಿ ನೋಡು! ಅವತ್ತಿಂದ ಆಕಾಶ ಬರೆದಿಲ್ಲ. ದೋಣಿ ಮೇಲೆ ಹೆಸರು ಬರೀತೀನಿ, ಅಂಗಡಿ ಹಲಗೆ ಬರೀತೀನಿ. ರಾತ್ರಿಯೆಲ್ಲ ಓದಿದೆ, ಕಾನೂನು ಕಲಿತೆ, ಸಂಘ ಕಟ್ಟಿದೆ. ಎರಡು ಸಲ ಜೈಲಿಗೆ ಹೋದೆ. ಯಜಮಾನರ ಮುಖಕ್ಕೆ ಮುಖ ಕೊಟ್ಟು ಉಗಿದಿದ್ದೀನಿ. ಸಾಲದಾ? ಹೇಳು, ಸಾಲದಾ?

ಏನಾದ್ರೂ ಅನ್ನೇ! ಬೈಯಿ. ಕಪಾಳಕ್ಕೆ ಹೊಡಿ.

ಏನು ತೆಗೀತಿದ್ದೀಯ ಬುಟ್ಟಿಯಿಂದ?

ಬಟ್ಟೆ... ಕಪ್ಪು ಬಟ್ಟೆ. ಏಪ್ರನ್. ಚಿಕ್ಕದು, ಮಗುವಿಂದು. ನಿಂದಾ? ಸೂತಕದ ಏಪ್ರನ್. ಅವತ್ತು ವಿಚಾರಣೆ ದಿನ ಹಾಕ್ಕೊಂಡಿದ್ದೆ, ಅಲ್ವಾ... ನಿನಗಾಗ ಹತ್ತು ವರ್ಷ. ವಿಚಾರಣೆ ನಡೆದಿದ್ದ ಹೆಂಡದಂಗಡಿ ಮಾಳಿಗೆಯಲ್ಲಿ ಜಾಗ ಇಲ್ಲದೆ ನಿನ್ನನ್ನ ಮುಂದಕ್ಕೆ ತಳ್ಳಿದ್ರು. ಚಿತ್ರ ಇಟ್ಟಿದ್ದ ಕುರ್ಚಿಗೆ ನೀನು ಒರಗಿ ನಿಂತಿದ್ದೆ. 'ಏ ಹುಡುಗಿ, ದೂರ ನಿಲ್ಲು' ಅಂತ ಅಧ್ಯಕ್ಷರು ಗದರಿಸಿದ್ರು. ನೆನಪಿದೆ ನನಗೆ. ಯಾಕೆ ತಂದೆ ಇದನ್ನ? ಮಡಿಕೆ ಯಾಕೆ ಬಿಚ್ತಿದ್ದೀಯ...

ಓ.

ನೀಲಿ.

ಕೋಬಾಲ್ಟ್ ನೀಲಿ, ಸೀಸದ ಬಿಳಿ. ಅಂಗೈಯಗಲ.

ಒಗೆದಿಲ್ಲ. ಹನ್ನೊಂದು ವರ್ಷ ಇದನ್ನ ಒಗೆದೇ ಇಲ್ಲ ನೀವು. ಯಾರು ಎತ್ತಿಟ್ಟಿದ್ದು, ಅಮ್ಮನಾ? ಅಮ್ಮನಿಗೆ ಗೊತ್ತಾ? ...ನೀನಾ. ನೀನೊಬ್ಬಳೇ.

ಅದು... ಅಲ್ಲ ಕಣೇ, ಮಂಗಳವಾರ ಮಧ್ಯಾಹ್ನ ಹಚ್ಚಿದ್ದು ಸೋಮವಾರದವರೆಗೆ ಕೆಲವು ಸಲ... ಚಳಿ, ತೇವ ಇರುತ್ತೆ, ಕೆಲವು ಸಲ ಆರು ದಿನ... ಇಲ್ಲ. ಮೂರೇ ದಿನ ಅಂದೆ. ಈಗ ತಾನೇ ಈ ಬಾಯಲ್ಲೇ ಅಂದೆ. ನಾಲ್ಕನೇ ದಿನ ಟೋಪಿ ತಂದು ಒರೆಸು, ಬಿಳೀನೇ ಇರುತ್ತೆ ಅಂತ ಬಡಾಯಿ ಕೊಚ್ಚಿದೆ. ನೀನು ನೋಡಿದ್ದು ಅದಕ್ಕಾ. ನಾನು ಹೇಳ್ಲಿ ಅಂತಾನೇ ಕಾಯ್ತಿದ್ಯಾ.

ಮಾತಾಡಲ್ಲ ನೀನು. ಬೇಕಿಲ್ಲ. ಬಟ್ಟೆ ಮಾತಾಡ್ತಿದೆ.

ಸೋಮವಾರ ಹಸಿಯಿತ್ತು. ಯಾಕಂದ್ರೆ ಹಚ್ಚಿದ್ದು ಭಾನುವಾರ.

ಕೇಳಿದ್ಯಾ? ಭಾನುವಾರ. ಗುರುವಾರವೇ ಮುರಿದ ಹಲಗೆ ದಡಕ್ಕೆ ಬಂದಿತ್ತು. ಶುಕ್ರವಾರ ಎರಡು ಹೆಣ ಸಿಕ್ಕಿದ್ವು. ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಅಮ್ಮಾವ್ರು ಬಂದಿರಲಿಲ್ಲ. ಬಂದಿದ್ದು ಅವರ ಗಂಡ ಕಾಸ್ತಲೈನ್, ಶನಿವಾರ. ನೀನು ಕೂತಿದ್ದೀಯಲ್ಲ, ಅದೇ ಕುರ್ಚಿ. ಸಿಗಾರ್ ಹಚ್ಚಿ, ಬಹಳ ಹೊತ್ತು ಈ ಚಿತ್ರಾನೇ ನೋಡಿದ. 'ಒಳ್ಳೇ ಕೈ ನಿಂದು ಎವರ್ಟ್. ಹೇಗ್ ಪಟ್ಟಣದ ಚಿತ್ರ ಪ್ರದರ್ಶನದ ಸಮಿತಿಯಲ್ಲಿ ನನಗೆ ಗೆಳೆಯರಿದ್ದಾರೆ. ಆದ್ರೆ ಇಷ್ಟು ಕಪ್ಪು ಆಕಾಶ ಅವರು ತೂಗು ಹಾಕಲ್ಲಪ್ಪ. ಸ್ವಲ್ಪ ಬೆಳಕು ಕೊಡು. ಸೋಮವಾರ ಅಧ್ಯಕ್ಷರೂ ಬರ್ತಾರೆ, ಕಲೆ ಅಂದ್ರೆ ಪ್ರಾಣ ಅವರಿಗೆ, ತೋರಿಸೋಣ' ಅಂದ. ಅಷ್ಟೇ. ಅಷ್ಟೇ ಕಣೇ! ಸುಳ್ಳು ಹೇಳು ಅಂತ ಅವರು ಯಾವತ್ತೂ ಕೇಳಲ್ಲ. ಸ್ವಲ್ಪ ಚೆಂದ ಮಾಡು ಅಂತಾರೆ. ದೋಣಿ ಅನ್ನೋ ಮಾತು ಅವನ ಬಾಯಲ್ಲಿ ಬರಲಿಲ್ಲ. ನಾನೂ ಎತ್ತಲಿಲ್ಲ. ಇಬ್ಬರೂ ಬಣ್ಣದ ಬಗ್ಗೆ ಮಾತ್ರ ಮಾತಾಡಿದ್ವಿ. ಇಬ್ಬರಿಗೂ ಅರ್ಥ ಆಗಿತ್ತು.

ಭಾನುವಾರ ಊರೆಲ್ಲ ಚರ್ಚಿನಲ್ಲಿತ್ತು. ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ. ಸತ್ತವರಿಗೆ ಪ್ರಾರ್ಥನೆ. ನೀನೂ ಅಮ್ಮನೂ ಅಲ್ಲೇ ಇದ್ರಿ. ಬೆಳಕು ಬೇಕಲ್ಲ, ಈ ಕಿಟಕಿ ತೆಗೆದೆ. ಆ ಎಳೆದೆಳೆದು ಹಾಡೋ ಕೀರ್ತನೆ ಒಳಗೆ ಬಂತು. ಒಂದೊಂದು ಸಾಲಿಗೆ ಒಂದೊಂದು ಕುಂಚದ ಎಳೆತ. ಭಾನುವಾರ ಕೆಲಸ ಮಾಡೋದು ಪಾಪ ಅಂತಾರಲ್ಲ ನಿಮ್ಮೂರವರು? ಸೂಜಿಗೆ ದಾರ ಪೋಣಿಸಿದ್ರೂ ಪಾಪ. ನಾನು ಭಾನುವಾರ ಏಳು ಹೆಣದ ಮೇಲೆ ನೀಲಿ ಬಳಿದೆ. ಕಪ್ಪು ಇನ್ನೂ ಒಣಗಿರಲಿಲ್ಲ, ಕುಂಚಕ್ಕೆ ಹತ್ತಿಕೊಂಡು ಬರ್ತಿತ್ತು. ಒರೆಸಿ ಒರೆಸಿ ಹಚ್ಚಿದೆ. ಗೊತ್ತಿತ್ತು ಬಿರುಕು ಬಿಡುತ್ತೆ ಅಂತ. ಬಣ್ಣ ಬಳಿಯೋನ ಮಗನಿಗೆ ಗೊತ್ತಿರಲ್ವಾ? ಬಿಡ್ಲಿ, ಅಷ್ಟೊತ್ತಿಗೆ ಯಾರಿರ್ತಾರೆ ಅಂದ್ಕೊಂಡೆ.

ಹೇಗ್‌ನಲ್ಲಿ ತೂಗು ಹಾಕಿದ್ರು, ಹೂಂ. ಬಾಗಿಲ ಮೇಲೆ, ಮಾಡಿನ ತೊಲೆಗೆ ಅಂಟಿಕೊಂಡ ಹಾಗೆ. ಕತ್ತು ನೋಯಿಸ್ಕೊಂಡು ನೋಡಿದೋನು ನಾನೊಬ್ಬನೇ. ಪ್ರದರ್ಶನ ಮುಗಿದ ಮೇಲೆ ಕಾಸ್ತಲೈನ್ ತನ್ನ ಗೋಡೆಗೆ ಹಾಕ್ಕೊಂಡ. ಯಾರ ಕೈಗೂ ಸಿಗದ ಹಾಗೆ. ಜಾಣ.

ನೀನು ನನ್ನ ಸಭೆಗೆ ಬರ್ತಿದ್ದೆ. ಪ್ರತಿ ಸಭೆ. ಹನ್ನೆರಡು ಹದಿಮೂರು ವರ್ಷದವಳಿದ್ದಾಗಿಂದ, ಮುಂದಿನ ಸಾಲಲ್ಲಿ. ಎಲ್ಲ ಚಪ್ಪಾಳೆ ತಟ್ಟಿದ್ರೂ ನೀನು ತಟ್ಟುತ್ತಿರಲಿಲ್ಲ. ನಾಚಿಕೆ ಹುಡುಗಿ ಅಂದ್ಕೊಂಡೆ. ಥೂ! ನನ್ನ ಬುದ್ಧಿಗಿಷ್ಟು. ಇವತ್ತು ಹೇಳ್ತಾನಾ, ಇವತ್ತಾದ್ರೂ ಹೇಳ್ತಾನಾ ಅಂತ ಕಾಯ್ತಿದ್ದೆ ಅಲ್ವಾ? ಒಂದು ಮಾತು ಹೇಳದೇ ಇರೋಕೆ ಹನ್ನೊಂದು ವರ್ಷ ಕೂಗಿದೆ ಡೀವರ್. ಜೈಲಿಗೆ ಹೋಗೋದು ಸುಲಭ ಇತ್ತು. ನಿಮ್ಮಮ್ಮನ ಮನೆ ಬಾಗಿಲು ತಟ್ಟೋದು ಕಷ್ಟ ಇತ್ತು.

ಚರ್ಚಿನಲ್ಲಿ ಸತ್ತವರ ಹೆಸರಿನ ಹಲಗೆ ಇದೆಯಲ್ಲ, ಅದೂ ನನ್ನ ಅಕ್ಷರವೇ. ಪಾದ್ರಿ ಆರು ಹೆಸರು ಕೊಟ್ರು. 'ಮೇಲೆ ಒಂದು ಸಾಲು ಯಾಕೆ ಖಾಲಿ ಬಿಟ್ಟೆ?' ಅಂದ್ರು. 'ಅಂದಕ್ಕೆ' ಅಂದೆ. ನೀನು ಪ್ರತಿ ಭಾನುವಾರ ಆ ಖಾಲಿ ಜಾಗ ನೋಡ್ಕೊಂಡು ಕೂತಿರ್ತೀಯ ಅಂತ ಗೊತ್ತು. ಅದಕ್ಕೇ ನಾನು ಚರ್ಚಿಗೆ ಬರಲ್ಲ. ದೇವರಿಲ್ಲ ಅಂತ ಪೀಪಾಯಿ ಮೇಲೆ ಭಾಷಣ ಮಾಡ್ತೀನಲ್ಲ... ದೇವರಲ್ಲ ನನ್ನ ತೊಂದರೆ. ಹಲಗೆ.

ಆ ಚಾಕು ಕೊಡು. ಮೊಂಡು, ಅಗಲದ್ದು. ಕೊಡೇ, ನಿನಗೇನೂ ಮಾಡಲ್ಲ, ನನಗೂ ಮಾಡ್ಕೊಳಲ್ಲ. ಹಿಡಿ ಹಲಗೆ. ಗಟ್ಟಿಯಾಗಿ ಹಿಡಿ.

ನೋಡು... ಬಿರುಕಿಗೆ ತುದಿ ಕೊಟ್ರೆ ಸಾಕು, ಸಿಪ್ಪೆ ಎದ್ದ ಹಾಗೆ ಏಳುತ್ತೆ. ಅವಸರದ ಕೆಲಸ. ಬೀಳ್ಲಿ, ಕರಪತ್ರದ ಮೇಲೆ ಬಿದ್ರೂ ಬೀಳ್ಲಿ. ಬಂತು. ಬಂತು ನೋಡು ಹಳದಿ ಅಂಚು. ಅವತ್ತು ನಾನು ಇದನ್ನ ಹಚ್ತಿದ್ದಾಗ ನಿಮ್ಮಪ್ಪ ನನ್ನ ಹೆಗಲ ಹಿಂದೆ ನಿಂತಿದ್ದ. ಅವತ್ತು ನಗಲಿಲ್ಲ. 'ಕೊನೆಗೂ ಸರಿಯಾಗಿ ಹಿಡಿದೆ ಎವರ್ಟ್. ಆ ಹಳದಿ ಇದೆಯಲ್ಲ, ಕೊಲ್ಲೋದು ಅದೇ' ಅಂದ. ಅಷ್ಟರಲ್ಲಿ ಕಾಸ್ತಲೈನ್ ಬೆತ್ತ ಊರಿಕೊಂಡು ಬಂದ. ನಿಮ್ಮಪ್ಪನ್ನ ಎಲ್ಲರ ಮುಂದೆ ಹೇಡಿ ಅಂದ. ನೀನು ಹೋಗದಿದ್ರೆ ಚುಕ್ಕಾಣಿ ಇನ್ನೊಬ್ಬನಿಗೆ, ಹುಡುಗರನ್ನ ಹೇಗಿದ್ರೂ ಕಳಿಸ್ತೀನಿ ಅಂದ. ನಿಮ್ಮಪ್ಪ ಆ ಹುಡುಗರ ಮುಖ ನೋಡಿದ. ಅದಕ್ಕೇ ಹತ್ತಿದ್ದು. ಕುಡಿದಿರಲಿಲ್ಲ. ಬರೀ ಹೊಟ್ಟೆಯಲ್ಲಿದ್ದ.

ಇದು ನಿನಗೆ ಗೊತ್ತಿತ್ತಾ? ಗೊತ್ತಿರಲಿಲ್ಲ. ನೋಡು, ಇದೂ ನನ್ನ ಹತ್ತಿರಾನೇ ಇತ್ತು.

ಈಗ ತಿರುಗಿಸು. ಬೆನ್ನು ಮೇಲೆ ಮಾಡು. ಆ ಕಂದು ಕಾಗದ. ಚೌಕಟ್ಟಿನವನು ಅಂಟಿಸಿದ್ದು ಅಂದೆ. ಚೌಕಟ್ಟಿನವನಲ್ಲ, ನಾನು. ಅದೇ ಭಾನುವಾರ. ಒದ್ದೆ ಬಟ್ಟೆ ಒತ್ತು ಮೊದಲು, ಹಿಟ್ಟಿನ ಅಂಟು, ಬಿಡುತ್ತೆ. ನಿಧಾನ. ನಿಧಾನ ಕಣಮ್ಮ. ಮೂಲೆಯಿಂದ.

ಓದು. ಬೇಡ, ನಿನ್ನ ಕಣ್ಣು ತುಂಬಿದೆ, ನಾನೇ ಹೇಳ್ತೀನಿ, ನನಗೆ ಬಾಯಿಪಾಠ. 'ಗಾಳಿ ನೈಋತ್ಯ, ಏರುತ್ತಿದೆ. ಕ್ರೈನ್ ಹೇಳುವುದು: ರಾತ್ರಿಯೊಳಗೆ ಬಿರುಗಾಳಿ. ಇದರ ಕೆಳಗೆ ಯಾರೂ ಹೋಗಬಾರದು.'

ಅವನು ಹೇಳ್ದ, ನಾನು ಬರೆದೆ. ಏಳು ಗಂಟೆಗೆ. ಕೆಳಗೆ ಕಾಲು ಬೆರಳಲ್ಲಿ ಮರಳು ಕೆದಕ್ತಾ ಹೇಳ್ದ.

ಗಂಟೆ ಹೊಡೀತಿದೆ. ಹತ್ತೂಮುಕ್ಕಾಲು. ತಗೊಂಡು ಹೋಗು ನೀನು. ಅಮ್ಮನಿಗೆ ತೋರಿಸು, ಪಾದ್ರಿಗೆ ತೋರಿಸು. ನಾನು... ನಾನು ಹಿಂದಿನ ಮೆಟ್ಟಿಲಲ್ಲಿ ಇಳಿದು ಲೈಡನ್ ದಾರಿ ಹಿಡೀತೀನಿ. ಅಲ್ಲಿಂದ ಕಾಗದ ಬರೀತೀನಿ, ಎಲ್ಲ ವಿವರವಾಗಿ, ಸಹಿ ಹಾಕಿ...

ಬಾಗಿಲು ಯಾಕೆ ತೆಗೆದು ನಿಂತೆ?

ಆ ಕೊಟ್ಟಿಗೆಯಲ್ಲಿ ಮುನ್ನೂರು ಜನ ಇರ್ತಾರೆ ಕಣೇ. ಆರು ಮನೆಯವರೂ ಇರ್ತಾರೆ. ಪೀಪಾಯಿ ಮೇಲಿಂದ ಎಳೆದು ಹಾಕಿ ತುಳೀತಾರೆ ನನ್ನ. ತುಳೀಲಿ ಅಂತೀಯಾ? ಸಂಘ ಒಡೆದು ಹೋಗುತ್ತೆ, ಇವತ್ತಿನ ಬೇಡಿಕೆ...

ಹೂಂ. ಬೇಡಿಕೆ. 'ಆಕಾಶ ನೋಡಿ ಹೊರಡುವುದು, ಬಿಡುವುದು ತಂಡೇಲನ ಹಕ್ಕು.' ಅದನ್ನ ಮೊದಲು ಹೇಳಿದೋನು ಯಾರು ಅಂತ ಹೇಳದೆ ಆ ಬೇಡಿಕೆ ಹೇಗಿಡ್ಲಿ.

ಸರಿ. ಕೋಟು ಕೊಡು. ಅಮ್ಮಾವ್ರ ಚೀಟಿ ಒಲೆಗೆ ಹಾಕು. ಕರಪತ್ರ ಬಿಡು, ಅಲ್ಲೇ ಇರ್ಲಿ. ಏಪ್ರನ್ ತಗೋ. ಆ ಸಣ್ಣ ಕುಂಚ, ಬಿಳಿ ಬಣ್ಣ, ಅದೂ ಜೇಬಿಗೆ ಹಾಕು, ಬದುಕಿದ್ರೆ ಚರ್ಚಿಗೆ ಹೋಗ್ಬೇಕು.

ಚಾದರ ಬೇಡ. ಬೇಡ, ಹೊದಿಸಬೇಡ. ಹಾಗೇ ಬರ್ಲಿ ಬೀದಿಯಲ್ಲಿ. ಕೊಡು ಇಲ್ಲಿ, ನಾನು ಹಿಡ್ಕೋತೀನಿ. ನೀನು ಮುಂದೆ ನಡಿ.

...ನಡಿಯೇ.

ಓ. ನಾನು ಮುಂದೆ.

ಸರಿ.